ದೀರ್ಘಕಾಲದ ವೇದನೆ ಮತ್ತು ನಿದ್ರಾನಾಶ: ‘ಆನುಷಂಗಿಕ’ ಎಂಬ ಪದದ ಇತಿಹಾಸ

ವೈದ್ಯಶಾಸ್ತ್ರದ ಇತಿಹಾಸದಲ್ಲಿ ಔಷಧಗಳ ಶೋಧನೆಗೆ ಸಂದಿರುವ ಗಮನ ರೋಗಗಳ ವರ್ಗೀಕರಣಕ್ಕೆ ಸಂದಿಲ್ಲ. ಆದರೆ ಯಾವ ರೋಗಿಗೆ ಯಾವ ಚಿಕಿತ್ಸೆ ದೊರೆಯತಕ್ಕದ್ದೆಂಬುದನ್ನು ಎಷ್ಟೋ ವೇಳೆ ಒಂದು ಪದವೇ ನಿರ್ಣಯಿಸುತ್ತದೆ. ಬೆನ್ನುನೋವು, ಸಂಧಿವಾತ ಮೊದಲಾದವುಗಳಿಂದ ವರ್ಷಗಟ್ಟಲೆ ನರಳುವವರ ನಿದ್ರಾನಾಶಕ್ಕೆ ಪಾಶ್ಚಾತ್ಯ ವೈದ್ಯರು ಬಹುಕಾಲ ‘ಆನುಷಂಗಿಕ’ ಎಂಬ ವಿಶೇಷಣವನ್ನು ಸೇರಿಸುತ್ತಿದ್ದರು. ನೋವು ಮೂಲ, ನಿದ್ರಾಭಂಗ ಅದರ ನೆರಳು. ಮೂಲವು ನೀಗಿದರೆ ನೆರಳು ತಾನಾಗಿಯೇ ಸರಿಯುವುದೆಂದು ಅದರ ತಾತ್ಪರ್ಯ. ತರ್ಕವೇನೋ ಸರಳವಾಗಿದೆ. ಮೂಲವು ಜೀವಮಾನವೆಲ್ಲ ನೀಗದಿದ್ದ ಪಕ್ಷದಲ್ಲಿ ರೋಗಿಯ ಗತಿಯೇನೆಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಅಂಥವನಿಗೆ ಸಾಮಾನ್ಯವಾಗಿ ದೊರೆತದ್ದು ಗುಳಿಗೆ. 1903ರಲ್ಲಿ ಜರ್ಮನಿಯ ಫಿಷರ್ ಮತ್ತು ಮೇರಿಂಗ್ ಪ್ರಕಟಿಸಿದ ವೆರೊನಾಲಿನಿಂದ ಬಾರ್ಬಿಟ್ಯುರೇಟುಗಳ ಯುಗವೂ, 1960ರ ಅನಂತರ ಬೆಂಜೋಡಯಜೆಪೀನುಗಳ ಯುಗವೂ ನಡೆದವು. ಇವುಗಳ ಪಕ್ಕದಲ್ಲಿಯೇ ಅಮೆರಿಕದಲ್ಲಿ ಮತ್ತೊಂದು ಪರಂಪರೆ ಸದ್ದಿಲ್ಲದೆ ಬೆಳೆಯಿತು. 1929ರಲ್ಲಿ ಎಡ್ಮಂಡ್ ಜೇಕಬ್‌ಸನ್ ಸ್ನಾಯುಗಳನ್ನು ಕ್ರಮವಾಗಿ ಸಡಿಲಿಸುವ ವಿಧಾನವನ್ನು ಗ್ರಂಥರೂಪದಲ್ಲಿ ನಿರೂಪಿಸಿದರು. 1972ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್, ನಿದ್ರೆ ಬಾರದವನು ಹಾಸಿಗೆಯಲ್ಲಿ ಹೊರಳಾಡದೆ ಎದ್ದುಹೋಗಿ, ತೂಕಡಿಕೆ ಬಂದಾಗ ಮಾತ್ರ ಮರಳಬೇಕೆಂದು ವಿಧಿಸಿದರು. ಹಗಲೂ ನೋವಿನಿಂದ ಹಾಸಿಗೆಯನ್ನಾಶ್ರಯಿಸುವವನಿಗೆ ಅದು ನಿದ್ರೆಯ ಸಂಕೇತವಾಗಿ ಉಳಿಯದೆ ನರಳಾಟದ ನೆಲೆಯಾಗಿಬಿಡುವುದರಿಂದ ಈ ವಿಧಿ ಅವನಿಗೆ ವಿಶೇಷವಾಗಿ ಅನ್ವಯಿಸುತ್ತದೆ.

1987ರಲ್ಲಿ ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು ಸೂಚಿಸಿದ ಕ್ರಮ ಇನ್ನೂ ನಿಷ್ಠುರವಾದುದು. ಎಂಟು ಗಂಟೆ ಮಲಗಿ ಐದು ಗಂಟೆ ಮಾತ್ರ ನಿದ್ರಿಸುವವನು ಮೊದಲು ಐದೇ ಗಂಟೆ ಮಲಗತಕ್ಕದ್ದು. ಆ ಅವಧಿಯು ನಿದ್ರೆಯಿಂದ ತುಂಬಿದ ಹಾಗೆಲ್ಲ ಅದನ್ನು ಸ್ವಲ್ಪಸ್ವಲ್ಪವಾಗಿ ವಿಸ್ತರಿಸಬೇಕು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು ಸ್ಪೀಲ್‌ಮನ್ನರ ಸಿದ್ಧಾಂತ. ನಿದ್ರಾನಾಶಕ್ಕೆ ಒಳಗಾಗುವ ಪ್ರಕೃತಿ, ಅದನ್ನು ಆರಂಭಿಸುವ ನಿಮಿತ್ತ, ಅದನ್ನು ಮುಂದುವರಿಸುವ ಕಾರಣ, ಈ ಮೂರನ್ನೂ ಅವರು ಬೇರ್ಪಡಿಸಿದರು. ಬೆಂಕಿ ಹೊತ್ತಿಸಿದ ಕಡ್ಡಿ ಬೇರೆ, ಅದನ್ನು ಉರಿಸುವ ಸೌದೆ ಬೇರೆ. ನೋವು ಕಡ್ಡಿಯಾಗಿರಬಹುದು, ಅಕಾಲದ ನಿದ್ರೆ, ಮತ್ತೆ ಮತ್ತೆ ಗಡಿಯಾರ ನೋಡುವ ಅಭ್ಯಾಸ, ಈ ರಾತ್ರಿಯೂ ಹೀಗೆಯೇ ಎಂಬ ಭಯ, ಇವು ಸೌದೆ. (ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ರೆ ಎಂಬ ನಮ್ಮ ಗಾದೆ ಇದರ ಒಂದಂಶವನ್ನು ಹೇಳಿದೆ.) ಇದನ್ನು ಒಪ್ಪಿದ ಬಳಿಕ ‘ಆನುಷಂಗಿಕ’ ಎಂಬ ಪದಕ್ಕೆ ಆಧಾರ ಉಳಿಯಲಿಲ್ಲವೆಂದೇ ನನ್ನ ಅಭಿಪ್ರಾಯ.

ಅಷ್ಟರಲ್ಲಿ ಕಾರ್ಯಕಾರಣಗಳ ದಿಕ್ಕೂ ಸಂದೇಹಕ್ಕೊಳಗಾಗಿತ್ತು. 1975ರಲ್ಲಿ ಟೊರಾಂಟೋದ ಹಾರ್ವೆ ಮೋಲ್ಡೊಫ್‌ಸ್ಕಿ ಮತ್ತು ಸಹೋದ್ಯೋಗಿಗಳು ಆರೋಗ್ಯವಂತರ ಗಾಢನಿದ್ರೆಯನ್ನು ಕದಡಿ, ಅವರಲ್ಲಿ ಸ್ನಾಯುವೇದನೆ ಕಾಣಿಸಿಕೊಂಡುದನ್ನು ವರದಿಮಾಡಿದ್ದರು. ಆದರೂ ಪದ ಬೇಗ ಅಳಿಯಲಿಲ್ಲ. 2000ದಲ್ಲಿ ಕೆನಡಾದ ಕರಿ ಮೊದಲಾದವರು ದೀರ್ಘವೇದನೆಯ 60 ಮಂದಿಯಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಏಳು ವಾರಗಳ ಮನಶ್ಚಿಕಿತ್ಸೆಯಿಂದ ನಿದ್ರೆ ಸ್ಪಷ್ಟವಾಗಿ ಸುಧಾರಿಸಿತು. ಪದವನ್ನು ಅಲುಗಿಸಿದ ಆ ಲೇಖನದ ಶೀರ್ಷಿಕೆಯಲ್ಲಿಯೇ ಅದೇ ಪದ ಕುಳಿತಿತ್ತು! 2005ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ಸಮ್ಮೇಳನವು ಅದರ ಬದಲಿಗೆ ‘ಸಹವರ್ತಿ’ ಎಂಬುದನ್ನು ಸೂಚಿಸಿತು. 2013ರ ಅಮೆರಿಕನ್ ಮನೋವೈದ್ಯಕೀಯ ವರ್ಗೀಕರಣ ಗ್ರಂಥವು ಪ್ರಧಾನ, ಆನುಷಂಗಿಕ ಎಂಬ ಭೇದವನ್ನೇ ಕೈಬಿಟ್ಟಿತು.

ನಿದ್ರೆ ಕುದುರಿದರೆ ನೋವೂ ಹೋಗುವುದೆಂದು ಸಾರುವವರು ಹಳೆಯ ತರ್ಕವನ್ನೇ ತಲೆಕೆಳಗಾಗಿ ನಿಲ್ಲಿಸಿದಂತಾಗುತ್ತದೆ. ದಾಖಲೆಗಳು ಅಷ್ಟಕ್ಕೆ ಅವಕಾಶ ಕೊಡುವುದಿಲ್ಲ. 2013ರಲ್ಲಿ ಪ್ರಕಟವಾದ, ವಾಷಿಂಗ್‌ಟನ್ ಪ್ರಾಂತದ 367 ಮಂದಿ ಸಂಧಿವಾತದ ವೃದ್ಧರ ಪರೀಕ್ಷೆಯಲ್ಲಿ ನಿದ್ರೆ ಸುಧಾರಿಸಿತು, ನೋವಿನ ತೀವ್ರತೆ ಗಣನೀಯವಾಗಿ ತಗ್ಗಲಿಲ್ಲ. ಅದೇ ಪ್ರಾಂತದಲ್ಲಿ ಮತ್ತೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಚಿಕಿತ್ಸೆಯನ್ನು ದೂರವಾಣಿಯ ಮೂಲಕವೇ ನೀಡಲಾಯಿತು. ಭಾಗವಹಿಸಿದವರು 327 ಮಂದಿ. ಒಂದು ವರ್ಷದ ಅನಂತರವೂ ಅವರ ನಿದ್ರೆಯ ಸುಧಾರಣೆ ಉಳಿದಿತ್ತು.