ಆಳಂದಕ್ಕೆ ಬಂದ ರಷ್ಯದ ಪಥಿಕ



ಬೆನ್ನಿಗೊಂದು ಚೀಲ ಏರಿಸಿಕೊಂಡು, ಅಲ್ಪ ಹಣದಲ್ಲಿ ವಿಯೆಟ್ನಾಮಿನಂಥ ದೇಶಗಳ ಜನನಿಬಿಡ ನಗರಗಳನ್ನೂ ಅವುಗಳ ಸುತ್ತಲಿನ ಸೀಮೆಯನ್ನೂ ನೋಡಿಬರುವುದು ಇಂದಿನ ಯುವಕರ ರೂಢಿ. ಅಂಥ ಒಂಟಿ ಪಥಿಕನೊಬ್ಬ ಐದೂವರೆ ಶತಮಾನಗಳ ಹಿಂದೆ ಬೀದರಿಗೆ ಬಂದು, ನಮ್ಮ ಆಳಂದದ ಸಂತೆಯನ್ನೂ ಬರೆದಿಟ್ಟು ಹೋದನೆಂಬುದು ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಬೆಳೆದ ನಮ್ಮಲ್ಲಿ ಎಷ್ಟು ಜನಕ್ಕೆ ತಿಳಿದಿದೆ? ಬಹಮನಿ ಅರಸರ ಪಾಠ ಮಾಡುವಾಗ ನಾನು ಹೇಳುತ್ತಿದ್ದ ನಿಕಿಟಿನ್ ಎಂಬ ಹೆಸರು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಅಫಾನಸಿ ನಿಕಿಟಿನ್ ರಷ್ಯದ ತ್ವೇರ್ ಪಟ್ಟಣದ ವರ್ತಕ. ವೋಲ್ಗಾ ನದಿಯಲ್ಲಿ ಹೊರಟವನ ಸರಕನ್ನು ಅಸ್ತ್ರಾಖಾನಿನ ಬಳಿ ತಾತಾರರು ದೋಚಿದರು. ಊರಿಗೆ ಮರಳಿದರೆ ಸಾಲಗಾರರ ಕಾಟ. ಆದ್ದರಿಂದ ಮುಂದಕ್ಕೇ ನಡೆದನು. ಪರ್ಷಿಯಾ ದಾಟಿ, ಹೋರ್ಮುಜ್ ಬಂದರಿನಲ್ಲಿ ಹಡಗು ಹತ್ತಿ, ಒಂದು ಗಂಡುಕುದುರೆಯೊಡನೆ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು. ಆತ ಭಾರತದಲ್ಲಿದ್ದ ಕಾಲವನ್ನು ಸಾಮಾನ್ಯವಾಗಿ 1469ರಿಂದ 1472 ಎಂದು ಹೇಳುತ್ತಾರೆ. ಎರಡು ವರ್ಷ ಈಚೆಗೆ ಎಣಿಸುವ ವಿದ್ವಾಂಸರೂ ಇದ್ದಾರೆ.

ಆ ಕುದುರೆಯೇ ಆತನ ಸರ್ವಸ್ವ. ಜುನ್ನಾರಿನ ಅಧಿಕಾರಿ ಅಸದ್ ಖಾನನು ಅದನ್ನು ಕಿತ್ತುಕೊಂಡು, ಇಸ್ಲಾಮಿಗೆ ಸೇರಿದರೆ ಕುದುರೆಯೊಂದಿಗೆ ಸಾವಿರ ಹೊನ್ನು, ಇಲ್ಲವಾದರೆ ಕುದುರೆಯೂ ಹೋಗಿ ಸಾವಿರ ಹೊನ್ನು ದಂಡ ಎಂದನು. ಗಡುವು ನಾಲ್ಕು ದಿನ. ಖುರಾಸಾನಿನ ಮಹಮ್ಮದನೆಂಬ ಮುಸ್ಲಿಂ ಗೃಹಸ್ಥನು ಖಾನನಲ್ಲಿಗೆ ಹೋಗಿ ಹೇಳಿ ಇವನನ್ನು ಪಾರುಮಾಡಿ, ಕುದುರೆಯನ್ನೂ ಬಿಡಿಸಿಕೊಟ್ಟನು. ಮತಕ್ಕಾಗಿ ಕಾಡಿದವನೂ ಕಾಪಾಡಿದವನೂ ಒಂದೇ ಮತದವರು ಎಂಬುದನ್ನು ಗಮನಿಸಬೇಕು.

ಆಗಿನ ಬೀದರ್ ಮೂರನೆಯ ಮಹಮ್ಮದ್ ಷಾ ಸುಲ್ತಾನನ ರಾಜಧಾನಿ. ಆಡಳಿತವೆಲ್ಲ ಮಹಮೂದ್ ಗವಾನನ ಕೈಯಲ್ಲಿತ್ತು. ಅರಮನೆಗೆ ಏಳು ಬಾಗಿಲು, ಬಾಗಿಲಿಗೊಂದು ನೂರು ಕಾವಲುಗಾರರು, ಬಂದುಹೋಗುವವರನ್ನು ಬರೆದುಕೊಳ್ಳುವ ಲೆಕ್ಕಿಗರು, ಇವೆಲ್ಲವನ್ನೂ ನಿಕಿಟಿನ್ ದಾಖಲಿಸಿದ್ದಾನೆ. ಆದರೆ ನಾನು ಬಹುವಾಗಿ ಮೆಚ್ಚುವುದು ಬೇರೊಂದು ಸಂಗತಿಯನ್ನು. ಇಲ್ಲಿ ಆತ ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಿಂದಲೂ ಪರಿಚಿತನಾಗಿದ್ದನು. ಕುದುರೆ ಮಾರಿದ ಮೇಲೆ ಹಿಂದೂಗಳ ಸ್ನೇಹ ಬೆಳೆಯಿತು. ತಾನು ಮುಸಲ್ಮಾನನಲ್ಲ, ಕ್ರೈಸ್ತನೆಂದು ಅವರಿಗೆ ನಿಜ ಹೇಳಿಬಿಟ್ಟನು. ಅಂದಿನಿಂದ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮರೆಮಾಡಲಿಲ್ಲ. ಅವರೊಡನೆಯೇ ಶ್ರೀಶೈಲಕ್ಕೂ ಹೋಗಿಬಂದನು. ಅಲ್ಲಿಯ ಮಲ್ಲಯ್ಯನಿಗೆ ಇಂದಿಗೂ ನಮ್ಮ ಭಾಗದಿಂದ ಜನ ಪಾದಯಾತ್ರೆ ಹೋಗುತ್ತಾರಲ್ಲವೇ!

ಇನ್ನು ಆಳಂದ. ಬೀದರಿನಿಂದ ಹನ್ನೆರಡು ಕೋವ್ ದೂರದಲ್ಲಿ ಶೇಖ್ ಅಲಾವುದ್ದೀನರ ಸ್ಮರಣೆಗೆ ವರ್ಷಕ್ಕೊಮ್ಮೆ ಹತ್ತು ದಿನ ಸಂತೆ ಕೂಡುತ್ತದೆ, ಇಪ್ಪತ್ತು ಸಾವಿರದವರೆಗೆ ಕುದುರೆಗಳು ಬರುತ್ತವೆ, ಹಿಂದುಸ್ತಾನದಲ್ಲಿ ಇದಕ್ಕಿಂತ ಮೇಲಾದ ಸಂತೆ ಇಲ್ಲ ಎಂಬುದು ಆತನ ಬರಹದ ಸಾರ. ಈ ಶೇಖರು ಬೇರೆ ಯಾರೂ ಅಲ್ಲ, ನಮ್ಮ ಲಾಡ್ಲೆ ಮಶಾಯಕರೇ. ಅವರ ನಿಜನಾಮ ಅಲಾವುದ್ದೀನ್ ಅನ್ಸಾರಿ. ಕೋವ್ ಎಂದರೆ ಸುಮಾರು ಹತ್ತು ಕಿಲೋಮೀಟರೆಂದು ವ್ಯಾಖ್ಯಾನಕಾರರು ತಿಳಿಸುತ್ತಾರೆ. ಲೆಕ್ಕ ಬಹುಮಟ್ಟಿಗೆ ಸರಿಹೊಂದುತ್ತದೆ. ಕುದುರೆಗಳ ಸಂಖ್ಯೆ ಮಾತ್ರ ಕಣ್ಣಂದಾಜಿನದೆಂದು ನನ್ನ ಊಹೆ. ಆದರೂ ವಿಜಯನಗರದೊಡನೆ ಸದಾ ಸೆಣಸುತ್ತಿದ್ದ ರಾಜ್ಯಕ್ಕೆ ಸಮುದ್ರದಾಚೆಯ ಕುದುರೆಗಳು ಎಷ್ಟಿದ್ದರೂ ಸಾಲದು. ಅವುಗಳಿಗೆ ಕಡಲೆಯನ್ನೂ, ಸಕ್ಕರೆ ಬೆರೆಸಿದ ಕಿಚಡಿಯನ್ನೂ ತಿನ್ನಿಸುತ್ತಿದ್ದರಂತೆ. ಹಳ್ಳಿಗರು ಕಡುಬಡವರು, ಸರದಾರರು ಬೆಳ್ಳಿಯ ಮಂಚಗಳ ಮೇಲೆ ಹೊರಿಸಿಕೊಂಡು ತಿರುಗುವವರು ಎಂದೂ ಆತನೇ ಬರೆದಿದ್ದಾನೆ. ಆ ಕಡಲೆಯನ್ನು ಬೆಳೆದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಆಳಂದದ ಒಂದು ಹಕ್ಕಿಯೂ ಆತನ ಪುಟಗಳಲ್ಲಿದೆ. ಅದು ರಾತ್ರಿ ‘ಗುಕ್ ಗುಕ್’ ಎಂದು ಕೂಗುತ್ತದೆ, ಯಾರ ಮನೆಯ ಮೇಲೆ ಕುಳಿತರೆ ಆ ಮನೆಯಲ್ಲಿ ಸಾವು ಎಂದು ಯಾರೋ ಹೇಳಿದ್ದಾರೆ. ನಮ್ಮ ಗೂಗಿ! ನನ್ನ ಅಜ್ಜಿಯೂ ಇದನ್ನೇ ಹೇಳುತ್ತಿದ್ದಳು.

ಲಾಭವೇನೂ ಆಗಲಿಲ್ಲ. ರಷ್ಯಕ್ಕೆ ಒಯ್ಯುವಂಥ ಸರಕು ಇಲ್ಲಿಲ್ಲವೆಂದೂ, ಇದೆಯೆಂದವರು ಸುಳ್ಳು ಹೇಳಿದರೆಂದೂ ನೊಂದು ಬರೆದನು. ಧರ್ಮಗ್ರಂಥಗಳು ದರೋಡೆಯಲ್ಲೇ ಹೋಗಿದ್ದರಿಂದ ಈಸ್ಟರ್ ಹಬ್ಬ ಎಂದು ಬರುವುದೆಂಬುದೂ ತಿಳಿಯದೆ, ಊಹೆಯಿಂದ ಉಪವಾಸ ಹಿಡಿಯುತ್ತಿದ್ದನು. ಕಡೆಗೆ ಕಲಬುರಗಿಯಿಂದ ಆಳಂದದ ಮಾರ್ಗವಾಗಿಯೇ ದಾಭೋಳ ಬಂದರು ತಲುಪಿ ಹಡಗು ಹತ್ತಿದನು. ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡನು. ಆತನ ಕೈಬರಹದ ಪುಸ್ತಕಗಳನ್ನು ವರ್ತಕರು 1475ರಲ್ಲಿ ಮಾಸ್ಕೋಗೆ ಮುಟ್ಟಿಸಿದರು. 1857ರಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. 1957ರಲ್ಲಿ ನರ್ಗಿಸ್ ನಟಿಸಿದ ‘ಪರದೇಸಿ’ ಹಿಂದಿ ಚಲನಚಿತ್ರಕ್ಕೂ ಇವನ ಕಥೆಯೇ ಆಧಾರ.