ಸೂಜಿ ಮತ್ತು ಅಫೀಮು: ಬೆನ್ನುನೋವಿನ ಚಿಕಿತ್ಸೆಯ ಒಂದು ಚರಿತ್ರೆ

ಬೆನ್ನುಮೂಳೆಯ ಸಂದಿಗೆ ಕೊಡುವ ಚುಚ್ಚುಮದ್ದನ್ನೂ ಅಫೀಮಿನ ವರ್ಗಕ್ಕೆ ಸೇರಿದ ಒಪಿಯಾಯ್ಡ್ ನೋವುನಿವಾರಕಗಳನ್ನೂ ಇಂದು ಒಂದಕ್ಕೊಂದು ಪರ್ಯಾಯವೆಂಬಂತೆ ಪರಿಗಣಿಸುವುದುಂಟಾದರೂ, ಚರಿತ್ರೆಯಲ್ಲಿ ಇವೆರಡೂ ಒಟ್ಟಿಗೇ ಬೆಳೆದು ಬಂದವು. ಗಸಗಸೆ ಕಾಯಿಯಿಂದ ಒಸರುವ ಅಫೀಮಿನ ಮುಖ್ಯ ಸತ್ವವಾದ ಮಾರ್ಫಿನ್ನನ್ನು ಜರ್ಮನಿಯ ಫ್ರೀಡ್ರಿಕ್ ಸೆರ್ಟ್ಯೂರ್ನರ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಬೇರ್ಪಡಿಸಿದ್ದರು. ಎಡಿನ್‌ಬರೋದ ವೈದ್ಯ ಅಲೆಗ್ಸಾಂಡರ್ ವುಡ್ 1853ರಲ್ಲಿ ಅದನ್ನು ಟೊಳ್ಳುಸೂಜಿಯ ಮೂಲಕ ನೋವಿರುವ ಜಾಗಕ್ಕೇ ಸೇರಿಸಿದರು. ಅವರ ಮೊದಲ ರೋಗಿ ನರಶೂಲೆಯಿಂದ ಬಳಲುತ್ತಿದ್ದ ವಯಸ್ಸಾದ ಮಹಿಳೆಯೆಂಬುದು ಮುಂದಿನ ಕಥೆಯನ್ನು ಬಲ್ಲವರಿಗೆ ಸಾಂಕೇತಿಕವಾಗಿ ತೋರಬಹುದು. ಔಷಧವು ಸೂಜಿ ಚುಚ್ಚಿದಲ್ಲೇ ಕೆಲಸ ಮಾಡುತ್ತದೆಂದು ವುಡ್ ನಂಬಿದ್ದರು. ಎಲ್ಲಿ ಚುಚ್ಚಿದರೂ ಅದು ರಕ್ತದ ಮೂಲಕ ಮೈಯೆಲ್ಲ ಹರಡುತ್ತದೆಂದು ಲಂಡನ್ನಿನ ಚಾರ್ಲ್ಸ್ ಹಂಟರ್ ವಾದಿಸಿದರು, ಮಾರ್ಫಿನ್ನಿನ ಮಟ್ಟಿಗೆ ಅವರ ಮಾತೇ ಸರಿಯಾಗಿತ್ತು. ಆದರೂ ನೋವಿನ ನೆಲೆಗೇ ಮದ್ದನ್ನು ತಲುಪಿಸಬೇಕೆಂಬ ವುಡ್ ಅವರ ಆಸೆ ವೈದ್ಯಲೋಕವನ್ನು ಬಿಡಲಿಲ್ಲ.

ಆ ಆಸೆ ಬೆನ್ನಿನ ವಿಷಯದಲ್ಲಿ ಈಡೇರಿದ್ದು 1901ರ ಪ್ಯಾರಿಸ್ಸಿನಲ್ಲಿ. ಬೆನ್ನುಹುರಿಯನ್ನು ಆವರಿಸಿರುವ ಗಟ್ಟಿಪೊರೆಯ ಹೊರಗೆ, ಮೂಳೆಯ ಗೋಡೆಗೆ ಒಳಗೆ, ಕೊಬ್ಬು ಮತ್ತು ರಕ್ತನಾಳಗಳಿಂದ ತುಂಬಿದ ಇಕ್ಕಟ್ಟಾದ ಜಾಗವೊಂದಿದೆ; ನರಗಳ ಬುಡಗಳು ಇದನ್ನು ಹಾದು ಹೊರಬೀಳುವುದರಿಂದಲೇ ಎಪಿಡ್ಯೂರಲ್ ಎನ್ನುವ ಈ ಜಾಗಕ್ಕೆ ಅಷ್ಟು ಮಹತ್ವ. ಸೊಂಟದ ಕೆಳಗಿನ ತ್ರಿಕಾಸ್ಥಿಯ ತುದಿಯಲ್ಲಿರುವ ಸಹಜ ರಂಧ್ರದ ಮೂಲಕ ಅಲ್ಲಿಗೆ ಕೊಕೇನ್ ದ್ರಾವಣವನ್ನು ಸೇರಿಸಬಹುದೆಂದು ಜಾನ್ ಸಿಕಾರ್ ಮತ್ತು ಫೆರ್ನಾಂ ಕಾತಲಾಂ ಪ್ರತ್ಯೇಕವಾಗಿ ತೋರಿಸಿದರು. ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾ ನೋವಿಗೆ ಸಿಕಾರ್ ಇದನ್ನು ಬಳಸಿದಾಗ ಆ ನೋವಿನ ಕಾರಣವೇ ಸ್ಪಷ್ಟವಿರಲಿಲ್ಲ; ಕಶೇರುಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುವುದುಂಟೆಂದು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಪ್ರಕಟಿಸಿದ್ದು 1934ರಲ್ಲಿ. ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಸಂಧಿವಾತದ ಊತವನ್ನು ತಗ್ಗಿಸುತ್ತದೆಂದು 1940ರ ದಶಕದ ಕೊನೆಗೆ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಗೊತ್ತಾದ ಮೇಲೆ, ಕೆಲವೇ ವರ್ಷಗಳಲ್ಲಿ ಇಟಲಿ ಮತ್ತು ಫ್ರಾನ್ಸಿನ ವೈದ್ಯರು ಅದರ ಬಂಧುವಾದ ಹೈಡ್ರೋಕಾರ್ಟಿಸೋನನ್ನು ಇದೇ ಜಾಗಕ್ಕೆ ಕೊಡತೊಡಗಿದರು.

ಈ ಚಿಕಿತ್ಸೆ ವೃದ್ಧರ ನಡುವೆ ವಾಡಿಕೆಯಾಗಿ ಹಬ್ಬಿದ್ದಕ್ಕೆ ಹೊಸ ಪುರಾವೆಗಿಂತ ಹಣದ ವ್ಯವಸ್ಥೆಯೇ ಹೆಚ್ಚು ಕಾರಣವೆನ್ನಬೇಕಾಗುತ್ತದೆ. 65 ದಾಟಿದವರಿಗಾಗಿ ಅಮೆರಿಕ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯಲ್ಲಿ ವೈದ್ಯರಿಗೆ ಬಹುಮಟ್ಟಿಗೆ ಪ್ರತಿ ಚಿಕಿತ್ಸೆಗೂ ಪ್ರತ್ಯೇಕ ಹಣ ಸಿಗುತ್ತಿತ್ತು. 1994ರಿಂದ 2001ರೊಳಗೆ ಆ ವಿಮೆಯಡಿ ಸೊಂಟದ ಎಪಿಡ್ಯೂರಲ್ ಸ್ಟೀರಾಯ್ಡ್ ಚುಚ್ಚುಮದ್ದುಗಳು ಶೇ. 271ರಷ್ಟು ಹೆಚ್ಚಿದವು. ಅದೇ ಅವಧಿಯಲ್ಲಿ, 1996ರಲ್ಲಿ, ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಎಂಬ ಒಪಿಯಾಯ್ಡ್ ಮಾತ್ರೆಯನ್ನು ಮಾರುಕಟ್ಟೆಗೆ ತಂದು, ಕ್ಯಾನ್ಸರಿನ ನೋವಿಗಷ್ಟೇ ಅಲ್ಲದೆ ಬೆನ್ನುನೋವಿನಂತಹ ದೀರ್ಘಕಾಲದ ನೋವಿಗೂ ಅದನ್ನು ಪ್ರಚಾರ ಮಾಡಿತು. ಚಟದ ಅಪಾಯವನ್ನು ಕಡಿಮೆಯೆಂದು ಬಿಂಬಿಸಿದ ಪ್ರಕರಣದಲ್ಲಿ ಅದರ ಅಂಗಸಂಸ್ಥೆ 2007ರಲ್ಲಿ ತಪ್ಪೊಪ್ಪಿಕೊಂಡಿತು. ಸೂಜಿ ಹೆಚ್ಚಿದರೆ ಮಾತ್ರೆ ಇಳಿದೀತೆಂಬ ನಿರೀಕ್ಷೆಯೂ ಹುಸಿಯಾಯಿತು: ನಿವೃತ್ತ ಸೈನಿಕರ ದಾಖಲೆಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚುಚ್ಚುಮದ್ದಿನ ನಂತರ ಒಪಿಯಾಯ್ಡ್ ಬಳಕೆ ತಗ್ಗಿದ್ದು ಕಾಣಲಿಲ್ಲ.

2012ರಲ್ಲಿ ಮ್ಯಾಸಚೂಸೆಟ್ಸ್‌ನ ಔಷಧ ತಯಾರಿಕಾ ಘಟಕವೊಂದರಿಂದ ಹೊರಟ ಸ್ಟೀರಾಯ್ಡ್ ಸೀಸೆಗಳಲ್ಲಿ ಶಿಲೀಂಧ್ರ ಬೆರೆತು, 750ಕ್ಕೂ ಹೆಚ್ಚು ಮಂದಿ ಮಿದುಳ್ಪೊರೆಯ ಉರಿಯೂತವೇ ಮೊದಲಾದ ಸೋಂಕುಗಳಿಗೆ ತುತ್ತಾಗಿ, ಅವರಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ಅದು ತಯಾರಿಕೆಯ ದೋಷವೇ ಹೊರತು ವಿಧಾನದ್ದಲ್ಲ. ವಿಧಾನದ ಪರೀಕ್ಷೆ 2014ರಲ್ಲಿ ಬಂದಿತು. ವಯಸ್ಸಾದಂತೆ ಬೆನ್ನುಮೂಳೆಯ ಕಾಲುವೆ ಕಿರಿದಾಗಿ ನಡೆದಾಡುವುದೇ ಕಷ್ಟವಾಗುವ ಸ್ಟೆನೋಸಿಸ್ ಎಂಬ ತೊಂದರೆಯಿದ್ದ, 50 ದಾಟಿದ 400 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮರಗಟ್ಟಿಸುವ ಲಿಡೋಕೇನ್ ಮಾತ್ರ, ಉಳಿದವರಿಗೆ ಅದರೊಡನೆ ಸ್ಟೀರಾಯ್ಡ್ ಕೊಟ್ಟು ನೋಡಿದಾಗ, ಆರು ವಾರಗಳ ನಂತರ ಎರಡೂ ಗುಂಪುಗಳ ಸ್ಥಿತಿ ಸುಧಾರಿಸಿತ್ತಾದರೂ ಅವುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ನಾಲ್ಕು ವರ್ಷಗಳ ಬಳಿಕ ಮಿನಿಯಾಪೊಲಿಸ್ಸಿನಲ್ಲಿ ನಡೆದ ಪ್ರಯೋಗವು ಒಪಿಯಾಯ್ಡ್‌ಗಳ ಮೇಲೂ ಅಂಥದೇ ತೀರ್ಪನ್ನು ಕೊಟ್ಟಿತು: ಬೆನ್ನು ಅಥವಾ ಕೀಲುನೋವಿದ್ದ 240 ರೋಗಿಗಳಲ್ಲಿ ವರ್ಷದ ಕೊನೆಗೆ ಒಪಿಯಾಯ್ಡ್ ಪಡೆದವರ ದೈನಂದಿನ ಚಟುವಟಿಕೆ ಸಾಧಾರಣ ನೋವುಮಾತ್ರೆ ಪಡೆದವರಿಗಿಂತ ಉತ್ತಮವಾಗಿರಲಿಲ್ಲ, ಅವರ ನೋವು ಮಾತ್ರ ತುಸು ಹೆಚ್ಚೇ ಉಳಿದಿತ್ತು.