ಬೊಲೊನ್ಯಾದ ಮೊಗಸಾಲೆಗಳು ಮತ್ತು ಮುಷ್ಕರ

ಉತ್ತರ ಇಟಲಿಯ ಬೊಲೊನ್ಯಾ ನಗರದಲ್ಲಿ ಸಾರಿಗೆ ನೌಕರರ ಮುಷ್ಕರ ನಡೆದ ದಿನ ಬಸ್ಸುಗಳು ಡಿಪೋಗಳಲ್ಲೇ ಉಳಿದರೂ ಹಳೆಯ ಪಟ್ಟಣದೊಳಗಿನ ಓಡಾಟ ಬಹಳವಾಗಿ ಕೆಡುವುದಿಲ್ಲ. ಇದರ ಕಾರಣವನ್ನು ತಿಳಿಯಲು 1288ರಷ್ಟು ಹಿಂದಿನ ಒಂದು ಕಟ್ಟಡ ಕಾನೂನಿನವರೆಗೆ ಹೋಗಬೇಕಾಗುತ್ತದೆ. ಹೊಸದಾಗಿ ಕಟ್ಟುವ ಪ್ರತಿ ಮನೆಯ ಮುಂದೆಯೂ ಪೋರ್ಟಿಕೊ, ಅಂದರೆ ಮೇಲಂತಸ್ತಿನ ಅಡಿಯಲ್ಲಿ ಬೀದಿಗೆ ತೆರೆದುಕೊಂಡಿರುವ ಕಂಬಸಾಲಿನ ಮೊಗಸಾಲೆ, ಇರಲೇಬೇಕೆಂದೂ, ಇಲ್ಲದ ಮನೆಗಳಿಗೆ ಅದನ್ನು ಸೇರಿಸಬೇಕೆಂದೂ, ನೆಲ ಖಾಸಗಿಯವರದಾದರೂ ನಡೆಯುವ ಹಕ್ಕು ಸಾರ್ವಜನಿಕರದೆಂದೂ, ದುರಸ್ತಿಯ ಖರ್ಚು ಮಾತ್ರ ಮಾಲೀಕರ ಮೇಲೆಯೇ ಬೀಳುವುದೆಂದೂ ನಗರಾಡಳಿತ ಆ ವರ್ಷ ವಿಧಿಸಿತು. ಕುದುರೆಯ ಮೇಲೆ ಕುಳಿತವನೂ ತಲೆ ತಗಲದೆ ಹಾದುಹೋಗುವಂತೆ ಮೊಗಸಾಲೆಯ ಎತ್ತರವನ್ನು ಏಳು ಬೊಲೊನ್ಯಾ ಅಡಿಗಳಿಗೆ, ಎಂದರೆ ಸುಮಾರು 2.66 ಮೀಟರಿಗೆ, ನಿಗದಿಪಡಿಸಲಾಗಿತ್ತು.

ಈ ರಚನೆಯ ಮೂಲದಲ್ಲಿ ಸಾರ್ವಜನಿಕ ಹಿತಕ್ಕಿಂತ ಜಾಗದ ಆಸೆಯೇ ಹೆಚ್ಚಾಗಿತ್ತೆಂಬುದನ್ನು ಮರೆಯಲಾಗದು. 1088ರಲ್ಲಿ ಆರಂಭವಾಯಿತೆಂದು ಪರಂಪರೆ ಹೇಳುವ ವಿಶ್ವವಿದ್ಯಾಲಯವು ದೂರದೇಶಗಳ ವಿದ್ಯಾರ್ಥಿಗಳನ್ನು ಸೆಳೆದಂತೆ ಬಾಡಿಗೆ ಕೋಣೆಗಳಿಗೆ ಬೇಡಿಕೆ ಏರಿತು. ಮನೆಯವರು ಮೇಲಂತಸ್ತನ್ನು ಬೀದಿಯ ಮೇಲಕ್ಕೆ ಚಾಚಿದರು, ಚಾಚು ಉದ್ದವಾದಾಗ ಅದರಡಿ ಮರದ ಕಂಬ ಊರಿದರು, ಕಂಬಗಳ ಹಿಂದಿನ ನೆರಳಿನಲ್ಲಿ ಕುಶಲಕರ್ಮಿಗಳು ತಮ್ಮ ಕಸುಬು ಹೂಡಿದರು. ಬೇರೆ ನಗರಗಳು ಇಂಥ ಒತ್ತುವರಿಯನ್ನು ಕಾಲಕ್ರಮದಲ್ಲಿ ಕೆಡವಿಸಿದರೆ, ಬೊಲೊನ್ಯಾ ಅದನ್ನು ಕಡ್ಡಾಯ ಮಾಡಿ ನಡೆಯುವವರಿಗೆ ಒಪ್ಪಿಸಿಬಿಟ್ಟಿತು. ನಗರಾಡಳಿತಗಳ ಇತಿಹಾಸದಲ್ಲಿ ಇಷ್ಟು ಜಾಣತನದ ರಾಜಿ ಅಪರೂಪ. ಪೋಪ್ ಆಳ್ವಿಕೆಯ ಕಾಲದಲ್ಲಿ, 1568ರಲ್ಲಿ, ಮರದ ಕಂಬಗಳ ಬದಲು ಕಲ್ಲು ಅಥವಾ ಇಟ್ಟಿಗೆಯ ಕಂಬಗಳನ್ನು ನಿಲ್ಲಿಸಬೇಕೆಂಬ ಆಜ್ಞೆ ಹೊರಟಿತಾದರೂ ಸ್ತ್ರಾದಾ ಮಜ್ಜೋರೆ ಎಂಬ ಬೀದಿಯಲ್ಲಿರುವ ಕಾಸಾ ಇಸೊಲಾನಿಯ ಎತ್ತರದ ಓಕ್ ಮರದ ಕಂಬಗಳಂಥ ಕೆಲವು ಉಳಿದುಕೊಂಡವು. ಇಂದು ನಗರದ ಮೊಗಸಾಲೆಗಳ ಒಟ್ಟು ಉದ್ದ ಸುಮಾರು 62 ಕಿಲೋಮೀಟರ್. ಯುನೆಸ್ಕೊ 2021ರಲ್ಲಿ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಕೋಣೆಗಳ ಬಾಡಿಗೆದಾರರೇ ನಗರಕ್ಕೆ ಮುಷ್ಕರದ ಒಂದು ಹಳೆಯ ರೂಪವನ್ನು ತೋರಿಸಿಕೊಟ್ಟರು. ಪರದೇಶದ ವಿದ್ಯಾರ್ಥಿಗಳಿಗೆ ಪೌರತ್ವದ ರಕ್ಷಣೆ ಇರಲಿಲ್ಲವಾದ್ದರಿಂದ ಅವರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡು ಅವುಗಳ ಮುಖ್ಯಸ್ಥನನ್ನು ತಾವೇ ಆರಿಸಿಕೊಂಡರು. ನಗರದೊಡನೆ ವಿರಸ ಬಂದಾಗ ಪಾಠ ನಿಲ್ಲಿಸಿ ಊರನ್ನೇ ಬಿಟ್ಟು ಹೋಗುವುದು ಅವರ ಆಯುಧವಾಗಿತ್ತು. 1222ರಲ್ಲಿ ಹೀಗೆ ಹೊರಟವರಿಂದಲೇ ಪಾದೊವಾದ ವಿಶ್ವವಿದ್ಯಾಲಯ ಹುಟ್ಟಿತು. 1321ರಲ್ಲಿ ಒಬ್ಬ ವಿದ್ಯಾರ್ಥಿಗೆ ಮರಣದಂಡನೆಯಾದಾಗ ಅನೇಕರು ಸಿಯೆನಾಕ್ಕೆ ತೆರಳಿದರು. ಕೋಣೆಗಳು ಬರಿದಾದರೆ ಬೀದಿಯ ವ್ಯಾಪಾರವೂ ಸೊರಗುತ್ತಿತ್ತಾದ್ದರಿಂದ, ಅಧ್ಯಾಪಕರು ಬೇರೆಡೆ ಪಾಠ ಹೇಳುವುದಿಲ್ಲವೆಂದು ಪ್ರಮಾಣ ಮಾಡಬೇಕೆಂಬ ನಿಯಮಕ್ಕೂ ನಗರ ಮುಂದಾಯಿತು.

ಕೂಲಿಕಾರರ ಮುಷ್ಕರವು ಕಾನೂನಿನ ಒಪ್ಪಿಗೆ ಪಡೆಯಲು ಬಹಳ ಕಾಲ ಹಿಡಿಯಿತು. 1890ರಲ್ಲಿ ಜಾರಿಗೆ ಬಂದ ದಂಡಸಂಹಿತೆಯು ಹಿಂಸೆ, ಬೆದರಿಕೆಗಳಿಲ್ಲದ ಮುಷ್ಕರವನ್ನು ಅಪರಾಧಗಳಿಂದ ಹೊರಗಿಟ್ಟಿತು. 1904ರ ಸೆಪ್ಟೆಂಬರಿನಲ್ಲಿ, ಸಾರ್ಡೀನಿಯದ ಬುಜ್ಜೆರ್ರು ಗಣಿಯ ಕಾರ್ಮಿಕರ ಮೇಲೆ ಗುಂಡು ಹಾರಿದ ಕೆಲವೇ ದಿನಗಳಲ್ಲಿ, ದೇಶದ ಮೊದಲ ಸಾರ್ವತ್ರಿಕ ಮುಷ್ಕರ ನಡೆಯಿತು. 1926ರಲ್ಲಿ ಫ್ಯಾಸಿಸ್ಟ್ ಸರ್ಕಾರ ಮುಷ್ಕರವನ್ನೇ ನಿಷೇಧಿಸಿತು. 1948ರ ಸಂವಿಧಾನದ 40ನೆಯ ವಿಧಿಯು, ಮುಷ್ಕರದ ಹಕ್ಕನ್ನು ಅದನ್ನು ನಿಯಂತ್ರಿಸುವ ಕಾನೂನುಗಳ ಮಿತಿಯೊಳಗೆ ಚಲಾಯಿಸಬಹುದೆಂದು ಹೇಳಿತಾದರೂ ಅಂಥ ಕಾನೂನು ಬಂದದ್ದು 1990ರಲ್ಲಿ, ಅದೂ ಅಗತ್ಯ ಸಾರ್ವಜನಿಕ ಸೇವೆಗಳ ಮಟ್ಟಿಗೆ ಮಾತ್ರ. ಅದರಂತೆ ಕನಿಷ್ಠ ಹತ್ತು ದಿನ ಮೊದಲೇ ನೋಟಿಸು ಕೊಡಬೇಕು. ಕೆಲಸಕ್ಕೂ ಶಾಲೆಗೂ ಹೋಗಿಬರುವವರು ಹೆಚ್ಚಾಗಿರುವ ಹೊತ್ತಿನಲ್ಲಿ ‘ಖಾತರಿ ವೇಳೆ’ ಎಂದು ಗೊತ್ತುಪಡಿಸಿದ ಅವಧಿಗಳಿದ್ದು, ಆಗ ವಾಹನಗಳು ಓಡಲೇಬೇಕು.

ಆ ವೇಳೆ ಮುಗಿದ ಮೇಲೆ ರೈಲು ನಿಲ್ದಾಣದ ಕಡೆಯಿಂದ ಬರುವವರಿಗೆ, 1888ರಲ್ಲಿ ತೆರೆಯಲಾದ ಇಂಡಿಪೆಂಡೆನ್ಸಾ ಬೀದಿಯ ಮೊಗಸಾಲೆಯು ಮಳೆ ಬಿಸಿಲುಗಳ ಕಾಟವಿಲ್ಲದೆ ನಗರದ ಮುಖ್ಯ ಚೌಕವಾದ ಪಿಯಾತ್ಸಾ ಮಜ್ಜೋರೆಯವರೆಗೆ ದಾರಿಯಾಗುತ್ತದೆ. ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ 97 ಮೀಟರಿನ ಆಸಿನೆಲ್ಲಿ ಗೋಪುರವೂ ಪಕ್ಕದಲ್ಲಿ ವಾಲಿ ನಿಂತ ಗರಿಸೆಂದಾ ಗೋಪುರವೂ ಇವೆ. ಪಶ್ಚಿಮಕ್ಕೆ ತಿರುಗಿದರೆ ಸರಗೊತ್ಸಾ ಬಾಗಿಲಿನ ಹೊರಗಿನಿಂದ ಗುಡ್ಡದ ಮೇಲಿನ ಸಾನ್ ಲುಕಾ ದೇವಾಲಯದವರೆಗೆ ಸುಮಾರು 3.8 ಕಿಲೋಮೀಟರ್ ಉದ್ದದ, 666 ಕಮಾನುಗಳ ಮೊಗಸಾಲೆ ಏರಿಹೋಗುತ್ತದೆ. 1674ರಲ್ಲಿ ಆರಂಭವಾದ ಈ ಕಟ್ಟಡಕ್ಕೆ 1288ರ ಒತ್ತಾಯವಿರಲಿಲ್ಲ. 1433ರಿಂದ ನಡೆದುಬಂದ ಮೇರಿಮಾತೆಯ ಚಿತ್ರಪಟದ ವಾರ್ಷಿಕ ಮೆರವಣಿಗೆಗೆ ಆಸರೆಯಾಗಲೆಂದು ಮನೆತನಗಳೂ ಕಸುಬಿನ ಸಂಘಗಳೂ ಕಮಾನುಗಳಿಗೆ ಹಣ ಕೊಟ್ಟವು, ದಾನಿಗಳ ಹೆಸರಿನ ಫಲಕಗಳನ್ನು ಏರುವವರು ಇಂದಿಗೂ ದಾರಿಯುದ್ದಕ್ಕೂ ಓದಬಹುದು.